ಮದುವೆ ಪತ್ರಿಕೆಯ ಮನೆ

ನನಗೆ ಮೊದಲಿಂದಲೂ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ಕೋಪ ಬರಬೇಕಾದ ಕಡೆ ಯಾವತ್ತೂ ಬರುವುದಿಲ್ಲ. ಮಕ್ಕಳು ಅಂಟು ಚೆಲ್ಲಿದರೆ ಬರುತ್ತದೆ, ಗಂಡ ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟರೆ ಬರುತ್ತದೆ. ಎರಡು ಸಾವಿರದ ಮೂರನೇ ಇಸವಿ ಡಿಸೆಂಬರಿನಲ್ಲಿ, ರುದ್ರಾಣಮ್ಮನವರ ಜಗಲಿ ಮೇಲೆ ಬರಬೇಕಾಗಿತ್ತು. ಅವತ್ತು ಬರಲಿಲ್ಲ.

ಆಗ ನಾವು ಟಿ. ನರಸೀಪುರದಲ್ಲಿದ್ದೆವು. ನನ್ನ ಗಂಡ ನಾಗೇಂದ್ರ ನೀರಾವರಿ ಕಚೇರಿಯಲ್ಲಿ ಗುಮಾಸ್ತ. ನಾನು ಒಂದು ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಡ್ರಾಯಿಂಗ್ ಮತ್ತು ಕ್ರಾಫ್ಟ್ ಮೇಡಂ. ಮಗಳು ಮಧುಶ್ರೀ ಅದೇ ಸ್ಕೂಲಿನಲ್ಲಿ ಮೂರನೇ ಕ್ಲಾಸು. ರುದ್ರಾಣಮ್ಮನವರ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು. ಆ ಬೀದಿಯಲ್ಲಿ ಎಲ್ಲರೂ ಲಿಂಗಾಯತರು. ಬೆಳಿಗ್ಗೆ ಸ್ನಾನವಾಯಿತೆಂದರೆ ಎಲ್ಲರ ಹಣೆಯಲ್ಲೂ ವಿಭೂತಿ. ನನ್ನ ಹಣೆಯಲ್ಲೂ ವಿಭೂತಿ.

ನನ್ನ ಹಣೆಗೆ ಅದು ಹೇಗೆ ಬಂತೆಂದು ಹೇಳಬೇಕು. ನಾವು ಕೇರಿಯವರು, ಸರ್ಕಾರದ ಪಟ್ಟಿಯಲ್ಲಿ ಎಸ್‌ಸಿ. ನಂಜನಗೂಡು ತಾಲೂಕಿನಲ್ಲಿ ಕವಲಂದೆ ಕಡೆಯ ಒಂದು ಹಳ್ಳಿ ನನ್ನ ತವರು. ನರಸೀಪುರಕ್ಕೆ ವರ್ಗವಾಗಿ ಬಂದಾಗ ಮನೆ ಹುಡುಕಿ ಹುಡುಕಿ ಕಾಲು ಸೋತಿತ್ತು. ಮೊದಲು ಹೆಸರು ಕೇಳುವರು, ಆಮೇಲೆ ಊರು ಕೇಳುವರು, ಆಮೇಲೆ ಊರಲ್ಲಿ ಯಾವ ಬೀದಿ ಎಂದು ಕೇಳುವರು. ಅಷ್ಟು ಹೊತ್ತಿಗೆ ಖಾಲಿ ಇದ್ದ ಮನೆಗೆ ಬೇರೆ ಯಾರೋ ಬರುವುದು ಗೊತ್ತಾಗಿಬಿಟ್ಟಿರುತ್ತಿತ್ತು. ಕೊನೆಗೆ ನಾಗೇಂದ್ರನ ಆಫೀಸಿನ ಶಿವಸ್ವಾಮಿ ತಮ್ಮ ದೂರದ ನೆಂಟರಾದ ರುದ್ರಾಣಮ್ಮನವರ ಮನೆಗೆ ಕರೆದುಕೊಂಡು ಹೋದರು.

"ನಮ್ಮೋರೇನಪ್ಪಾ?" ಎಂದು ರುದ್ರಾಣಮ್ಮ ನಮ್ಮೆದುರಿಗೇ ಕೇಳಿದರು.

"ನಮ್ಮೋರಲ್ದೆ ಇನ್ಯಾರ್ನ ಕರ್ಕಬತ್ತೀನಿ ಬುಡಕ್ಕ" ಎಂದು ಶಿವಸ್ವಾಮಿ ನಕ್ಕರು.

ನಾಗೇಂದ್ರ ಗೋಡೆ ನೋಡಿದ. ನಾನು ಹಿತ್ತಲ ನಲ್ಲಿ ನೋಡಿದೆ. ಅದರಲ್ಲಿ ನೀರು ಚೆನ್ನಾಗಿ ಬರುತ್ತಿತ್ತು. ನಾವಂತೂ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ಎರಡು ವರ್ಷ ಸಮಾಧಾನ ಮಾಡಿಕೊಂಡೆವು. ಇಂಥ ಸಮಾಧಾನಕ್ಕೆ ನಾನು ಬಹಳ ಜಾಣೆ.

ಮಗಳಿಗೆ ಮಾತ್ರ ಪಾಠ ಹೇಳಿಕೊಡಬೇಕಾಯಿತು. ಬಾಡು ತಿಂದ ವಿಷಯ ಈ ಬೀದಿಯಲ್ಲಿ ಎತ್ತಬಾರದು. ಅಜ್ಜಿಯ ಮನೆ ಎಲ್ಲಿದೆ, ಹೇಗಿದೆ ಎಂದು ಹೇಳಬಾರದು. ಅಜ್ಜಿ ಎಂದರೆ ನನ್ನವ್ವ ಮುದ್ದಮ್ಮ. ಪ್ರತಿ ರಜಕ್ಕೂ ಮಧುವನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ, ಅವ್ವನನ್ನು ಒಂದು ಸಲವೂ ಇಲ್ಲಿಗೆ ಕರೆದಿರಲಿಲ್ಲ. "ಯಾಕಮ್ಮ ಹೇಳಬಾರ್ದು?" ಎಂದು ಮಧು ಕೇಳಿದಾಗ, "ಹೇಳಬಾರ್ದು ಅಂದ್ರೆ ಹೇಳಬಾರ್ದು" ಎಂದು ಗದರಿದ್ದೆ. ಮಗು ಅದನ್ನು ಮಗ್ಗಿಯ ಹಾಗೆ ಕಲಿತುಕೊಂಡಿತು.

ಆ ವರ್ಷ ಕ್ರಿಸ್‌ಮಸ್ ರಜಕ್ಕೆ ನಮ್ಮ ಸ್ಕೂಲಿನಲ್ಲಿ ಮಕ್ಕಳಿಗೆಲ್ಲ ಒಂದು ಕೆಲಸ ಕೊಟ್ಟರು. ಒಬ್ಬೊಬ್ಬರೂ ಒಂದೊಂದು ಕಾಗದದ ಮನೆ ಮಾಡಿ ತರಬೇಕು, ಸ್ಕೂಲು ಬಾಗಿಲು ತೆಗೆದ ದಿನ ಎಲ್ಲವನ್ನೂ ಸೇರಿಸಿ ಒಂದು ಊರು ಕಟ್ಟುವುದು, ಒಳಗೆ ಸಣ್ಣ ಬಲ್ಬು ಹಾಕಿ ಬೆಳಗಿಸುವುದು. ಕ್ರಾಫ್ಟ್ ಮೇಡಂ ಅದೇ ಬೀದಿಯಲ್ಲಿದ್ದ ಮೇಲೆ ಕೇಳಬೇಕೆ? ರುದ್ರಾಣಮ್ಮನವರ ಮೊಮ್ಮಗ ಮದನ್ ಮೊದಲ ದಿನವೇ ಕತ್ತರಿ ಹಿಡಿದು ಬಂದ. ಅವನ ಹಿಂದೆ ಇನ್ನೂ ನಾಲ್ಕು ಮಕ್ಕಳು. ನನ್ನ ಕೋಣೆಯಲ್ಲಿ ಜಾಗ ಸಾಲದೆ ರುದ್ರಾಣಮ್ಮ ತಮ್ಮ ಜಗಲಿಯಲ್ಲೇ ಚಾಪೆ ಹಾಸಿಕೊಟ್ಟರು. ಮಕ್ಕಳಿಗೆಲ್ಲ ಅವರು ಅಜ್ಜಿ. ಅವರೆಲ್ಲರ ಜೊತೆ ಸೇರಿ ಮಧುವೂ ಅವರನ್ನು ಅಜ್ಜಿ ಎನ್ನುತ್ತಿದ್ದಳು.

ಮನೆ ಮಾಡುವುದಕ್ಕೆ ಹಳೇ ಮದುವೆ ಪತ್ರಿಕೆಗಿಂತ ಒಳ್ಳೆಯ ಸಾಮಾನಿಲ್ಲ. ಕಾಗದ ದಪ್ಪ, ನಡುವೆ ಮಡಿಕೆ ಮೊದಲೇ ಇರುತ್ತದೆ, ಎರಡು ಪತ್ರಿಕೆ ನಿಲ್ಲಿಸಿದರೆ ನಾಲ್ಕು ಗೋಡೆ, ಮೂರನೆಯದು ಸೂರು. ದೇವರ ಚಿತ್ರ ಇರುತ್ತದೆಂದು ನಮ್ಮ ಕಡೆ ಯಾರೂ ಮದುವೆ ಪತ್ರಿಕೆಯನ್ನು ಕಸಕ್ಕೆ ಹಾಕುವುದಿಲ್ಲ, ಯಾವುದಾದರೂ ಪೆಟ್ಟಿಗೆಯ ತಳದಲ್ಲಿ ಇಟ್ಟಿರುತ್ತಾರೆ. ರುದ್ರಾಣಮ್ಮ ಅಟ್ಟದಿಂದ ಒಂದು ಕಟ್ಟು ಇಳಿಸಿಕೊಟ್ಟರು. "ಚಿತ್ರಕ್ಕೆ ಮಾತ್ರ ಕತ್ತರಿ ಆಕಬೇಡಿ ಮಕ್ಕಳಾ" ಎಂದರು. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಚಿತ್ರ ಸರಿಯಾಗಿ ಬಾಗಿಲ ಮೇಲೆ ಬರುವ ಹಾಗೆ ಮಡಿಸಿ, ಮನೆಗೂ ಲಕ್ಷಣ, ದೇವರಿಗೂ ಮರ್ಯಾದೆ ಎಂದು ಹೇಳಿಕೊಟ್ಟೆ. ಮದನನ ಮನೆಯ ಬಾಗಿಲ ಮೇಲೆ ಶಿವ ಪಾರ್ವತಿ ಕೂತರು. ಮಕ್ಕಳು ನಕ್ಕು ನಲಿದು ಕೆಲಸ ಮಾಡಿದರು. ನನಗೂ ಖುಷಿಯಾಗಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಮೂರನೇ ದಿನ ಬೆಳಿಗ್ಗೆ ಅಂಟು ಮುಗಿಯುತ್ತ ಬಂತು. ಮೈದಾಹಿಟ್ಟು ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಲಸಲು ನಾನು ಒಳಗೆ ಹೋದೆ. ಮಧು ಹಿಂದೆಯೇ ಬಂದು ಕೋಣೆಯಲ್ಲಿ ಏನೋ ಹುಡುಕಿ ಹೊರಗೆ ಓಡಿದಳು. ಒಲೆಯ ಮುಂದಿದ್ದ ನಾನು ಗಮನ ಕೊಡಲಿಲ್ಲ. ಅಂಟಿನ ಪಾತ್ರೆ ಹಿಡಿದು ಜಗಲಿಗೆ ಬಂದಾಗ ಅವಳ ಮನೆ ನಿಂತಾಗಿತ್ತು. ಸೂರು ಚೊಕ್ಕಟವಾಗಿತ್ತು, ಬಾಗಿಲಿಗೆ ನೀಲಿ ಬಣ್ಣ. ಬಾಗಿಲ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾ ಸಾಹೇಬರು.

ಅದು ನನ್ನ ತಮ್ಮ ಕೃಷ್ಣನ ಮದುವೆ ಪತ್ರಿಕೆ. ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೆ. ಅವ್ವನ ಮನೆಯ ಬಾಗಿಲ ಮೇಲೆ ಅವೇ ಎರಡು ಫೋಟೊ ಇವೆ, ಬಾಗಿಲೂ ನೀಲಿಯೇ. ಮಧು ಅಜ್ಜಿಯ ಮನೆಯನ್ನು ಇದ್ದದ್ದು ಇದ್ದ ಹಾಗೆ ಮಾಡಿದ್ದಳು. ಅಜ್ಜಿ ಮನೆ ಎಂದು ಬಾಯಲ್ಲಿ ಮಾತ್ರ ಹೇಳಿರಲಿಲ್ಲ. ಒಯ್ದು, ಊರಿಗೊಂದು ಗುಡಿ ಬೇಕೆಂದು ಮಕ್ಕಳೆಲ್ಲ ಸೇರಿ ಮಾಡಿದ್ದ ಕಾಗದದ ಗುಡಿಯ ಪಕ್ಕಕ್ಕೆ ಇಟ್ಟಿದ್ದಳು.

ರುದ್ರಾಣಮ್ಮ ಕನ್ನಡಕ ಹಾಕಿಕೊಂಡು ಆ ಮನೆಯನ್ನು ಎತ್ತಿದರು. ಬಾಗಿಲ ಕಡೆ ನೋಡಿದರು. ಮೆಲ್ಲಗೆ ತಿರುಗಿಸಿ ಹಿಂದಿನ ಗೋಡೆ ಓದಿದರು.

"ಶ್ರೀಮತಿ ಮುದ್ದಮ್ಮ ಮತ್ತು ದಿವಂಗತ ಚನ್ನಯ್ಯನವರ ಪುತ್ರ..." ಅಲ್ಲಿಗೆ ನಿಲ್ಲಿಸಿದರು. "ಯಾರ್ ಟೀಚರಮ್ಮ ಇದು, ಮುದ್ದಮ್ಮ?"

ಮಧು ನನ್ನ ಮುಖ ನೋಡಿದಳು. ತುಟಿ ಬಿಗಿದುಕೊಂಡಿದ್ದಳು. ಹೇಳಬಾರದ್ದನ್ನು ಹೇಳದೆ, ಏನು ಹೇಳಬೇಕೆಂದು ನನ್ನಿಂದ ತಿಳಿದುಕೊಳ್ಳಲು ಕಾದಿದ್ದಳು.

"ನಮ್ಮೂರಲ್ಲಿ ನಮ್ಮ ಹೊಲಕ್ಕೆ ಬರೋ ಆಳು ರುದ್ರಾಣಮ್ಮ" ಎಂದೆ. "ಮಗನ ಮದುವೆ ಮಾಡಿದ್ಲು, ಪತ್ರಿಕೆ ಕೊಟ್ಟೋಗಿದ್ಲು."

ಒಂದು ಚೂರೂ ತಡವರಿಸಲಿಲ್ಲ ನಾನು. ಅವ್ವ ಬದುಕೆಲ್ಲ ಕಂಡವರ ಹೊಲದಲ್ಲಿ ಆಳಾಗಿ ದುಡಿದು ನನ್ನನ್ನು ಟೀಚರ್ ಟ್ರೈನಿಂಗಿಗೆ ಕಳಿಸಿದವಳು. ಆ ಅರ್ಧ ನಿಜ ಇತ್ತಲ್ಲ, ಅದಕ್ಕೇ ಮಾತು ಸಲೀಸಾಗಿ ಬಂತು. ನಮ್ಮ ಹೊಲ ಎಂದೆನಲ್ಲ, ನಮಗೆ ಅಂಗೈಯಗಲ ಹೊಲ ಇರಲಿಲ್ಲ.

ರುದ್ರಾಣಮ್ಮನ ಮುಖ ತಿಳಿಯಾಯಿತು. "ಅಂಗನ್ನಿ. ನಾ ಏನೋ ಅನ್ಕಬುಟ್ಟಿದ್ದೆ" ಎಂದು ಮನೆಯನ್ನು ಮಧುವಿನ ಕೈಗೆ ಕೊಟ್ಟರು. "ಚೆಂದಾಗಿ ಮಾಡಿದ್ದೀಯ ಕಣಮ್ಮ. ಆದ್ರೆ ಅದ ಗುಡಿ ಪಕ್ಕ ಮಡಗಬಾರ್ದು. ಅತ್ಲಾಗೆ ಮಡಗು."

ಮಧು ಎದ್ದು ಹೋಗಿ ಚಾಪೆ ದಾಟಿ, ಜಗಲಿಯ ಕೊನೆಯಲ್ಲಿ, ಚಪ್ಪಲಿ ಬಿಡುವ ಮೂಲೆಯಲ್ಲಿ ಅದನ್ನು ಇಟ್ಟಳು.

"ನಿಮ್ಮ ಆಳಾ?" ಎಂದು ಮದನ್ ಕೇಳಿದ.

"ಹೂಂ, ನಮ್ ಆಳು" ಎಂದಳು ಮಧು.

ಅಲ್ಲಿ ಬರಬೇಕಿತ್ತು ನನ್ನ ಕೋಪ. ನಾನು ಅಂಟಿನ ಪಾತ್ರೆ ಕೆಳಗಿಟ್ಟು, "ಎಲ್ರೂ ಕೈ ಒರೆಸ್ಕೊಳ್ಳಿ" ಎಂದೆ.

ಸಂಜೆ ನಾಗೇಂದ್ರನಿಗೆ ಹೇಳಿದೆ. ಅವನು ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟ. "ಇನ್ನೇನ್ ಹೇಳಕಾಯ್ತಿತ್ತು ಬುಡು" ಎಂದ. ಅವನು ಒಂದು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಮಧು ನಮ್ಮಿಬ್ಬರ ನಡುವೆ ಕೂತು ಕಾಗದದ ಚೂರು ಆಯುತ್ತಿದ್ದಳು.

"ಅಮ್ಮ, ಅಜ್ಜಿ ನಿಜವಾಗ್ಲೂ ನಮ್ ಆಳಾ?"

"ಅಲ್ಲ. ಇಲ್ಲಿ ಹಾಗೆ ಹೇಳ್ಬೇಕು."

"ಎಷ್ಟು ದಿನ ಹೇಳ್ಬೇಕು?"

ನನಗೆ ಆಗ ಕೋಪ ಬಂತು. ಬೆನ್ನಿಗೊಂದು ಹಾಕಿ, ಎದ್ದು ಕಸ ಗುಡಿಸು ಎಂದೆ. ಮಧು ಅಳದೆ ಗುಡಿಸಿದಳು. ಆ ರಜದಲ್ಲಿ ಅವ್ವನ ಮನೆಗೆ ಹೋಗುವ ಮಾತನ್ನು ನಾನು ಎತ್ತಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ನಾವು ಹೋಗಲಿಲ್ಲ ಅಂತಲೇ ಅವ್ವ ಬಂದಳು.

ಅದು ಹೊಸ ವರ್ಷದ ದಿನ, ಮಾರನೇ ದಿನ ಸ್ಕೂಲು ಶುರು. ಮಕ್ಕಳು ಜಗಲಿಯಲ್ಲಿ ಕೂತು ಕಿಟಕಿಗಳಿಗೆ ಹಳದಿ ಬಣ್ಣದ ಕಾಗದ ಅಂಟಿಸುತ್ತಿದ್ದರು. ರುದ್ರಾಣಮ್ಮ ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಮಧುವಿನ ಕೂಗು ಬೀದಿಗೆಲ್ಲ ಕೇಳುವ ಹಾಗೆ ಬಂತು.

"ಅಮ್ಮಾ, ನಮ್ ಆಳು ಮುದ್ದಮ್ಮ ಬಂದವ್ಳೆ."

ಒದ್ದೆ ಕೈಯಲ್ಲೇ ಓಡಿ ಬಂದೆ. ಜಗಲಿಯ ಕೆಳಗೆ ಬೀದಿಯಲ್ಲಿ ಅವ್ವ ನಿಂತಿದ್ದಳು. ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ, ಡ್ರಾಯಿಂಗ್ ಮೇಡಮ್ಮಿನ ಮನೆ ಯಾವುದೆಂದು ಕೇಳಿಕೊಂಡು ಬಂದಿದ್ದಳು. ಸೊಂಟದ ಮೇಲೆ ಒಂದು ಚೀಲ. ಮೊಮ್ಮಗಳನ್ನು ಎತ್ತಿಕೊಳ್ಳಲು ಚಾಚಿದ ಒಂದು ಕೈ ಅರ್ಧಕ್ಕೇ ನಿಂತಿತ್ತು.

ಅವ್ವ ನನ್ನ ಹಣೆ ನೋಡಿದಳು. ರುದ್ರಾಣಮ್ಮನ ಹಣೆ ನೋಡಿದಳು. ಅವಳಿಗೆ ಓದು ಬರಹ ಬರುವುದಿಲ್ಲ, ಆದರೆ ಇಂಥದ್ದನ್ನು ತಿಳಿಯಲು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿ, ಒಂದು ಹೆಜ್ಜೆ ಹಿಂದೆ ಹೋಗಿ ನಿಂತಳು.

"ಅವರೆಕಾಯಿ ಚೆನ್ನಾಗ್ ಬುಟ್ಟಿತ್ತು ಕಣ್ರವ್ವ" ಎಂದಳು ನನಗೆ. "ಮಕ್ಳು ತಿಂತವೆ, ಕೊಟ್ಬುಟ್ಟು ಓಗವ ಅಂತ ಬಂದೆ."

ಹೆತ್ತ ಮಗಳನ್ನು ಅವ್ವ ಬಹುವಚನದಲ್ಲಿ ಮಾತಾಡಿಸಿದಳು.

"ಪಾಪ, ಅಷ್ಟು ದೂರದಿಂದ ಬಂದವ್ಳೆ" ಎಂದು ರುದ್ರಾಣಮ್ಮ ಮೊರ ಕೆಳಗಿಟ್ಟು, ಒಳಗಿನಿಂದ ತಾವೇ ಚೊಂಬಿನಲ್ಲಿ ನೀರು ತಂದರು. ಕೆಟ್ಟ ಹೆಂಗಸಲ್ಲ ಅವರು. ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಯಿಸಿ ಕೊಟ್ಟವರು. ಜಗಲಿಯ ಅಂಚಿಗೆ ಬಂದು ಚೊಂಬನ್ನು ಮೇಲೆತ್ತಿ ಹಿಡಿದರು. ಕೆಳಗೆ ಅವ್ವ ಬಗ್ಗಿ ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದಳು. ನೀರು ಅವಳ ಮೊಣಕೈ ದಾಟಿ ಸೀರೆಗೆಲ್ಲ ಇಳಿಯಿತು.

ಮಧು ನನ್ನ ಹತ್ತಿರ ಬಂದು, ಸೊಂಟ ಹಿಡಿದು ಬಗ್ಗಿಸಿ, ಕಿವಿಯಲ್ಲಿ ಕೇಳಿದಳು.

"ಸರಿಯಾಗಿ ಹೇಳ್ದೆ ಅಲ್ವಾಮ್ಮ?"

ಶಹಬ್ಬಾಸ್ ಎನ್ನಲಿ ಎಂದು ಕಾಯುತ್ತಿದ್ದಳು. ಬರಿಗಾಲಲ್ಲಿ ಬೀದಿಗೆ ಇಳಿದು, ಅವ್ವನ ಬೊಗಸೆಯನ್ನು ನನ್ನೆರಡು ಕೈಯಲ್ಲಿ ಮುಚ್ಚಿ ಹಿಡಿದೆ. ನೀರು ನನ್ನ ಕೈಮೇಲೆ ಬಿತ್ತು.

"ಸಾಕು ನಿಲ್ಸಿ ರುದ್ರಾಣಮ್ಮ. ಇವಳು ಆಳಲ್ಲ. ನನ್ನ ಹೆತ್ತವ್ವ."

"ಸುಮ್ಕಿರು ಮಾದೇವಿ" ಎಂದು ಅವ್ವ ಪಿಸುಗುಟ್ಟಿದಳು. "ಮಗು ಇಲ್ಲಿ ಓದ್ಕಂಡು ಚೆಂದಾಗದೆ. ಅದ್ಕೆ ಕಲ್ ಆಕಬ್ಯಾಡ. ನಾ ಒಂಟೋಯ್ತೀನಿ."

"ಎಲ್ಗೂ ಹೋಗ್ಬೇಡ ನೀನು" ಎಂದೆ. ಎದುರು ಮನೆಯ ಬಾಗಿಲಲ್ಲಿ ಯಾರೋ ಬಂದು ನಿಂತರು. "ನಾವು ಕೇರಿಯೋರು ರುದ್ರಾಣಮ್ಮ. ಎರಡು ವರ್ಷದಿಂದ ನಿಮಗೆ ಹೇಳ್ದೆ ಇದ್ದೋಳು ನಾನು. ಮೊನ್ನೆ ಆ ಮನೆ ವಿಷಯದಲ್ಲಿ ಸುಳ್ಳು ಹೇಳಿದೋಳೂ ನಾನೇ. ಏನ್ ಅನ್ನೋದಿದ್ರೂ ನನಗೆ ಅನ್ನಿ."

ರುದ್ರಾಣಮ್ಮ ಚೊಂಬನ್ನು ಜಗಲಿಯ ಮೇಲೆ ಇಟ್ಟರು. ಕೈಯನ್ನು ಸೀರೆಗೆ ಒರೆಸಿಕೊಂಡರು. ಮದನನಿಗೆ ಒಳಗೆ ಹೋಗೆಂದು ಕಣ್ಣಲ್ಲೇ ಹೇಳಿದರು, ಅವನು ಹೋದ. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ತಮ್ಮ ತಮ್ಮ ಕಾಗದದ ಮನೆ ಎತ್ತಿಕೊಂಡು ಇಳಿದು ಹೋದರು. ಜಗಲಿಯ ಮೇಲೆ ನನ್ನ ಮಗಳು ಒಬ್ಬಳೇ ಉಳಿದಳು.

"ಮಧು, ಬಾಮ್ಮ" ಎಂದೆ. "ಬಂದು ಅಜ್ಜಿ ಕೈ ಹಿಡ್ಕೊ."

ಮಧು ಬರಲಿಲ್ಲ. ನನ್ನನ್ನು ನೋಡಿದಳು, ಅವ್ವನ ಒದ್ದೆ ಸೀರೆ ನೋಡಿದಳು, ಖಾಲಿಯಾದ ಚಾಪೆ ನೋಡಿದಳು. ಅವಳ ಮುಖದಲ್ಲಿದ್ದದ್ದು ಭಯ. ನಾನು ಪಾಠ ಮರೆತು ತಪ್ಪು ಹೇಳುತ್ತಿದ್ದೇನೆ ಎಂಬಂತೆ ತಲೆ ಅಲ್ಲಾಡಿಸಿ, ಹಿಂದೆ ಹಿಂದೆ ಹೋಗಿ ರುದ್ರಾಣಮ್ಮನವರ ಸೆರಗು ಹಿಡಿದುಕೊಂಡಳು.

"ಅಜ್ಜಿ, ಅಮ್ಮ ಸುಮ್ನೆ ಹೇಳ್ತಾಳೆ" ಎಂದಳು ಅವರಿಗೆ. "ಅವಳು ನಮ್ ಆಳೇ ಅಜ್ಜಿ. ನಿಜವಾಗ್ಲೂ ನಮ್ ಆಳು."

ನನ್ನ ಕೈಯೊಳಗೆ ಅವ್ವನ ಕೈ ತಣ್ಣಗಿತ್ತು. ರುದ್ರಾಣಮ್ಮ ಮಗುವಿನ ಕೈಯಿಂದ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡರು. ಮಧು ಮತ್ತೆ ಹಿಡಿದುಕೊಂಡಳು. ಅವರು ಮತ್ತೆ ಬಿಡಿಸಿಕೊಂಡರು.