ಲಾಡಿ ಬೂಟು

"ತಾರಲೇ ದ್ಯಾವ್ಯಾ ಆ ಪಾಸು ಇತ್ತಾಗ! ನೀ ಒಳಗ ಹೋಗಿ ಏನ್ ಕಿಸೀತೀಲೇ, ಸೂಳಿಮಗನ?"

ಕರಿಬಸಪ್ಪ ಗೌಡ ಹೀಗೆ ಅಂದದ್ದು ನಮ್ಮೂರ ಅಗಸಿ ಬಾಗಿಲಲ್ಲಲ್ಲ. ಹೈದರಾಬಾದಿನಲ್ಲಿ, ಯೂನಿವರ್ಸಿಟಿಯ ಕಮಾನಿನ ಮುಂದೆ, ಶೇರವಾನಿ ಹಾಕಿದ ನೂರಾರು ಮಂದಿಯ ನಡುವೆ. ಪಾಸನ್ನು ಕೈಯಿಂದ ಕೈಗೆ ಇಸಿದುಕೊಳ್ಳುವ ಹಾಗಿಲ್ಲ. ನಾನು ನೆಲಕ್ಕಿಡಬೇಕು, ಅವನು ಎತ್ತಿಕೊಳ್ಳಬೇಕು. ಇಟ್ಟೆ. ಬೇಡ ಅನ್ನುವುದಕ್ಕೆ ಮೊದಲೇ ಈ ದರಿದ್ರ ಸೊಂಟ ಬಗ್ಗಿಬಿಟ್ಟಿತ್ತು.

ಇವನ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಎರಡನೇ ದೊಡ್ಡ ಲಡಾಯಿ ಮುಗಿದ ವರ್ಷ ಅದು. ನನ್ನ ಮಗ ಹುಸೇನಪ್ಪನ ಕಾಗದ ಉರ್ದುವಿನಲ್ಲಿ ಬಂದಿತ್ತು, ಊರ ಮುಲ್ಲಾ ಖಾಜಾಸಾಬ ಓದಿ ಹೇಳಿದ: "ದ್ಯಾವಪ್ಪಾ, ನಿನ್ನ ಮಗ ಬಿ.ಎ. ಆಗ್ಯಾನೋ! ಸನದು, ಅಂದ್ರ ಪದವಿ ಕಾಗದ, ಕೊಡೋ ಜಲಸಾ ಐತಂತ. ಕರೀ ನಿಲುವಂಗಿ ಹಾಕ್ಕೊಂಡು ದೊಡ್ಡ ಮಂದಿ ಮುಂದ ನಡಕೊಂತ ಹೋಗಿ ತಗೋತಾನಂತ. ಅಪ್ಪಗ ಅಂತ ಒಂದು ಪಾಸು ಕಳಿಸ್ಯಾನ ನೋಡು." ಮಾರನೇ ದಿನವೇ ಗೌಡ ನಮ್ಮ ಮಾದಿಗರ ಕೇರಿಯ ತುದಿಗೆ ಬಂದು ನಿಂತ. "ನಾನೂ ಬರ್ತೀನಿ. ನಿನ್ನ ರೈಲಿನ ಖರ್ಚು ನಂದು" ಅಂದ. ಬಾಣಂತಿಗೆ ಒಂದು ಚರಿಗೆ ಮಜ್ಜಿಗೆ ಪುಕ್ಕಟೆ ಕೊಡದ ಮನುಷ್ಯ! ಆ ರಾತ್ರಿ ಪಾಸನ್ನು ನನ್ನ ರುಮಾಲಿನ ಒಳಗಿಟ್ಟು ಹೊಲಿದುಬಿಟ್ಟೆ.

ಕೊಪ್ಪಳದಲ್ಲಿ ರೈಲು ಹತ್ತಿದ ಮೇಲೆ ಅವನ ಹೊಟ್ಟೆಯೊಳಗಿನದು ಹೊರಬಿತ್ತು. ಪಕ್ಕದ ಡಬ್ಬಿಯಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದ, "ನಾನಽ ಓದಿಸಿದ ಹುಡುಗ. ತಹಸೀಲ್ದಾರ ಸಾಹೇಬ್ರೂ ಜಲಸಾಕ್ಕ ಬರ್ತಾರ. ತೋರಸ್ತೀನಿ ಅವರಿಗೆ." ಥೂ ಇವನ! ಮಗನನ್ನು ಹತ್ತನೇ ವಯಸ್ಸಿಗೆ ಕೊಪ್ಪಳದ ಸಾಲಿಗೆ ಕರೆದುಕೊಂಡು ಹೋದವರು ಮದಾರಸಾಬ ಮೇಷ್ಟ್ರು. ಆಮೇಲೆ ಓದಿದ್ದು ಸರ್ಕಾರ ತಿಂಗಳಿಗಿಷ್ಟು ಅಂತ ಕೊಡುವ ವಜೀಫಾದಲ್ಲಿ.

ಗೌಡ ಕೊಟ್ಟದ್ದು ಒಂದೇ. ಅವನ ವಾಡೆಯ ಮುಂದೆ ನಾವು ಕೆರ ಕೈಯಲ್ಲಿ ಹಿಡಿದು ದಾಟಬೇಕು. ಊರಿಗೆಲ್ಲ ಕೆರ ಹೊಲಿಯುವವರು ನಾವೇ, ಅದು ಬೇರೆ ಮಾತು. ಏಳು ವರ್ಷದ ಹುಸೇನಪ್ಪನಿಗೆ ಉಳಿದ ತೊಗಲಿನಲ್ಲಿ ಒಂದು ಜೊತೆ ಪುಟ್ಟ ಕೆರ ಮಾಡಿದ್ದೆ. ಹೊಸ ಕೆರದ ಹುರುಪು, ಕೂಸು ಮರೆತು ಹಾಕಿಕೊಂಡೇ ಓಡಿಬಿಟ್ಟಿತು. ಆ ಕೆರಗಳನ್ನೇ ದಾರಕ್ಕೆ ಪೋಣಿಸಿ ಅವನ ಕೊರಳಿಗೆ ಕಟ್ಟಿಸಿ ಗೌಡ ಹೊತ್ತು ಮುಳುಗುವ ತನಕ ಬಿಸಿಲಲ್ಲಿ ನಿಲ್ಲಿಸಿದ. ನಾನು ನೋಡುತ್ತ ನಿಂತಿದ್ದೆ. ಅದು ಇವತ್ತಿಗೂ ನನಗೆ ಅನ್ನ ತಿನ್ನುವಾಗ ನೆನಪಾಗುತ್ತದೆ. ಅಂದಿನಿಂದ ಗೌಡನ ಕೆಂಪು ರುಮಾಲು ಕಂಡರೆ ಸಾಕು, ಹುಡುಗನ ಕಾಲು ತಾನೇ ಕೆರ ಕಳಚುತ್ತದೆ. ಇಂಗ್ಲಿಷು ಕಲಿತು ರಜೆಗೆ ಬಂದಾಗಲೂ ಹಾಗೇ ಮಾಡಿದ, ಆಮೇಲೆ ಹಿತ್ತಲಿಗೆ ಹೋಗಿ ಅತ್ತ.

ಅದಕ್ಕೇ ನನ್ನ ಹೆಂಡತಿ ಪಂಪಮ್ಮ ಹಟ ಹಿಡಿದಳು.

"ಕೆರ ಬ್ಯಾಡ, ಲಟಕ್ಕನ ಕಳಚತಾವ. ಬೂಟು ಹೊಲಿ. ಗಟ್ಟಿ ಲಾಡಿ ಹಾಕು. ಸನದು ಗಿನದು ನನಗ ತಿಳಿಯಂಗಿಲ್ಲ. ದೊಡ್ಡ ಮಂದಿ ಮುಂದ ನನ್ನ ಮಗ ಬೂಟಗಾಲಾಗ ನಡದನೋ ಇಲ್ಲೋ, ಅಷ್ಟು ನಿನ್ನ ಕಣ್ಣಿಲೆ ನೋಡಿ ಬಾ. ಸುಳ್ಳ ಹೇಳಿದ್ರ ನಿನ್ನ ಮಾರಿ ಮ್ಯಾಲೆ ತಿಳಿತೈತಿ ನನಗ."

ಒಂದು ತಿಂಗಳು ಹೊಲಿದೆ. ಜಲಸಾದ ದಿನ ಬೆಳಿಗ್ಗೆ ಗೌಡ ತಾನಿಳಿದಿದ್ದ ಛತ್ರದಲ್ಲಿ ಸ್ನಾನ ಪೂಜೆ ಅಂತ ಕೂತಿದ್ದಾಗ ಹುಡುಗರ ಹಾಸ್ಟೆಲಿಗೆ ಹೋಗಿ ಕೊಟ್ಟೆ. ಮಗ ಹಾಕಿಕೊಂಡು ನಿಂತ. ಸರಿಯಾಗಿ ಕೂತವು.

"ಅಳತಿ ಹೆಂಗ ಸಿಕ್ತು ಯಪ್ಪಾ?"

"ಹೋದ ಸಲ ನೀ ಬಂದಾಗ ಅಂಗಳದ ರಾಡ್ಯಾಗ ಹೆಜ್ಜಿ ಮೂಡಿತ್ತು. ಕಡ್ಡಿ ಹಿಡದು ಅಳದಿಟ್ಟೀನಿ."

ಅವನು ನಕ್ಕ. ಆ ನಗು ಕೆಡುವುದು ಬೇಡ ಅಂತ ಗೌಡ ಬಂದಿರುವ ಸುದ್ದಿ ಹೇಳಲಿಲ್ಲ. ಅದೇ ನಾನು ಮಾಡಿದ ತಪ್ಪು.

ಈಗ ಕಮಾನಿನಲ್ಲಿ, ರುಮಾಲಿನ ಹೊಲಿಗೆ ಬಿಚ್ಚಿ ನಾನು ನೆಲಕ್ಕಿಟ್ಟಿದ್ದ ಆ ಪಾಸನ್ನು ಬಾಗಿಲು ಕಾಯುವ ದರವಾನ ನೋಡಿ ನಮ್ಮ ಮಾತಿನಲ್ಲೇ ಗೌಡನನ್ನು ಕೇಳಿದ, "ಹುಸೇನಪ್ಪನ ಅಪ್ಪ ನೀವಽ ಏನ್ರಿ?"

ಗೌಡ ಒಮ್ಮೆ ನನ್ನ ಕಡೆ ನೋಡಿದ. "ಹೂಂ, ನಾನಽ" ಅಂದವನೇ ಒಳಗೆ ನಡೆದ. ನನ್ನ ನೆರಳು ಸೋಕಿದರೆ ಮೈತೊಳೆಯುವವನು! ಒಂದು ಕುರ್ಚಿಯ ಆಸೆಗೆ ಮಾದಿಗರ ಹುಡುಗನಿಗೆ ಅಪ್ಪನಾಗಲು ಅವನಿಗೆ ಯಾವ ಮೈಲಿಗೆಯೂ ಅಡ್ಡ ಬರಲಿಲ್ಲ. ಅವನ ಚೀಲ ಕಾಯುತ್ತ ನಾನು ಹೊರಗೆ ನಿಂತೆ. ಪಂಪಮ್ಮನಿಗೆ ಇನ್ನು ಏನು ಹೇಳಲಿ?

ಗೋಡೆಯ ಹತ್ತಿರ ನೀರು ಹೊರುವ ಮುದುಕನೊಬ್ಬ ತನ್ನ ತೊಗಲ ಚೀಲ ಹಿಡಿದು ಬಯ್ಯುತ್ತಿದ್ದ. ಹೊಲಿಗೆ ಬಿಟ್ಟು ನೀರು ಸೋರುತ್ತಿತ್ತು. ನನ್ನ ಸೊಂಟದಲ್ಲಿ ತೊಗಲು ಚುಚ್ಚುವ ಆರಿ, ದಾರ ಯಾವಾಗಲೂ ಇರುತ್ತವೆ. ಕೂತು ನಾಲ್ಕು ಹೊಲಿಗೆ ಹಾಕಿಕೊಟ್ಟೆ.

"ಕೈ ಛಲೋ ಐತಿ. ಎಲ್ಲಿಯಂವಪಾ ನೀ?" ಅಂದ.

"ಕುಷ್ಟಗಿ ಕಡೀಯಂವರಿ. ಒಳಗ ನನ್ನ ಮಗಗ ಸನದು ಕೊಡ್ತಾರ. ನನ್ನ ಪಾಸು ಕಸಗೊಂಡ್ರು."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. "ನಾ ಗಂಗಾವತಿಯಂವ, ಜಿಲಾನಸಾಬ ಅಂತಾರ. ಈ ಚೀಲ ಹೆಗಲಿಗೆ ಹಾಕ್ಕೊಂಡು ನನ್ನ ಹಿಂದ ಬಾ. ನೀರು ಹೊರಾಂವನ ಮಾರಿ ಯಾರೂ ನೋಡಂಗಿಲ್ಲ." ಗೌಡನ ಚೀಲವನ್ನು ಗೋಡೆಗೆ ಒಗೆದು ಮುದುಕನ ಹಿಂದೆ ನಡೆದೆ.

ಪಕ್ಕದ ಬಾಗಿಲಲ್ಲಿ ನಿಂತು ನೋಡಿದರೆ ಒಳಗೆ ಒಂದು ಲೋಕವೇ ಇತ್ತು. ಬೆಳ್ಳಿ ಕೋಲು ಹಿಡಿದವನು ಮುಂದೆ, ಜರಿ ನಿಲುವಂಗಿಯ ಮುದುಕರು ಹಿಂದೆ. ನಮ್ಮ ಕಡೆ ಸ್ವಾಮಿಗಳು ಬಂದ ಹಾಗೇ, ಪಲ್ಲಕ್ಕಿ ಒಂದೇ ಕಮ್ಮಿ. ಎಲ್ಲರೂ ಎದ್ದರು, ಪ್ರಾರ್ಥನೆ ಕೇಳಿದರು, ಕೂತರು. ಇಷ್ಟೊಂದು ಮರ್ಯಾದೆ ನಮ್ಮಂಥವರ ಮಗನಿಗೆ ಯಾಕೆ ಮಾಡುತ್ತಾರೆ, ಇದರಲ್ಲಿ ಏನೋ ಮೋಸವಿದೆ ಅಂತ ನನ್ನ ಜೀವ ಒಪ್ಪಲೇ ಇಲ್ಲ. ಕುರ್ಚಿಗಳ ನಡುವೆ ಕೆಂಪು ಜಮಖಾನೆಯ ದಾರಿ. ಆ ದಾರಿಯ ಅಂಚಿಗೇ, ಮುಂದಿನ ಸಾಲಿನಲ್ಲಿ, ತಹಸೀಲ್ದಾರರ ಪಕ್ಕದಲ್ಲಿ ಗೌಡನ ಕೆಂಪು ರುಮಾಲು.

ಮಗ ನಡೆದು ಬರಬೇಕಾದ ದಾರಿಯೂ ಅದೇ.

"ಹುಸೇನಪ್ಪ ವಲದ ದ್ಯಾವಪ್ಪ!" ಅಂತ ಕೂಗಿದರು. ವಲದ ಅಂದರೆ ಮಗ. ಅಷ್ಟು ದೊಡ್ಡ ಕೋಣೆಯಲ್ಲಿ ನನ್ನ ಹೆಸರು ಲೇ, ದ್ಯಾವ್ಯಾ ಅನ್ನದೆ ಪೂರ್ತಿಯಾಗಿ ಕೇಳಿತು. ಕಣ್ಣು ತುಂಬಿ ಬಂತು. ಮಗ ಎದ್ದು ಕರಿ ನಿಲುವಂಗಿ ಬೀಸುತ್ತ ನಡೆದು ಬಂದ. ಬೂಟು ಟಕ್ ಟಕ್ ಅನ್ನುತ್ತಿದ್ದವು. ಗೌಡ ಮೀಸೆ ತಿರುವಿ ಕುರ್ಚಿಯಿಂದ ಒಂಚೂರು ಹೊರಗೆ ವಾಲಿದ, ಹುಡುಗನಿಗೆ ಕಾಣಲಿ ಅಂತ.

ಕಂಡಿತು. ಟಕ್ ಟಕ್ ನಿಂತಿತು. ನನ್ನ ಬಿ.ಎ. ಮಗ ಜಮಖಾನೆಯ ನಡುವೆ ಕುಕ್ಕರಗಾಲಲ್ಲಿ ಕೂತು ಎಡಗಾಲಿನ ಲಾಡಿ ಬಿಚ್ಚತೊಡಗಿದ. ಬಿಚ್ಚಿದ. ಬೂಟು ತೆಗೆದು ಬಗಲಲ್ಲಿ ಇರುಕಿದ. ಹಿಂದಿನ ಸಾಲುಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು, ಆ ನಗು ಹಬ್ಬಿತು. ಅವನ ಕೈ ಬಲಗಾಲಿನ ಲಾಡಿಗೆ ಹೋಯಿತು.

ತೊಗಲ ಚೀಲ ನನ್ನ ಹೆಗಲಿಂದ ಜಾರಿ ದಪ್ಪನೆ ಬಿತ್ತು, ನೀರು ಜಮಖಾನೆಗೆಲ್ಲ ಹರಿಯಿತು.

"ಬಿಚ್ಚಬ್ಯಾಡಲೇ ಹುಸೇನ್ಯಾ! ನಿಮ್ಮಪ್ಪ ಅಲ್ಲಿ ಕುಂತಿಲ್ಲ, ಇಲ್ಲಿ ನಿಂತೀನಿ!"

ಎಲ್ಲ ತಲೆಗಳೂ ತಿರುಗಿದವು. ತಹಸೀಲ್ದಾರರು ನನ್ನನ್ನು ನೋಡಿದರು, ಆಮೇಲೆ ಗೌಡನನ್ನು ನೋಡಿದರು. ಗೌಡನ ಮುಖ ಕಪ್ಪಿಟ್ಟಿತು. "ಹಡಸಿಮಗನ! ಊರಿಗೆ ಬಾ, ನಿನ್ನ ಗುಡಿಸಲಿಗೆ ಬೆಂಕಿ ಇಡ್ತೀನಿ!" ಅಂತ ಅಲ್ಲಿಂದಲೇ ಒದರಿದ. ಇಡುತ್ತಾನೆ, ಅದರಲ್ಲಿ ನನಗೆ ಸಂಶಯವಿಲ್ಲ. ಗುಡಿಸಲಲ್ಲಿ ಪಂಪಮ್ಮ ಒಬ್ಬಳೇ ಇದ್ದಾಳೆ. ಇಬ್ಬರು ಜವಾನರು ಬಂದು ನನ್ನ ಎರಡೂ ರಟ್ಟೆ ಹಿಡಿದರು. ಎಳೆಯಲಿ, ಕತ್ತನ್ನು ಮಾತ್ರ ನಾನು ತಿರುಗಿಸಲಿಲ್ಲ.

ಹುಸೇನಪ್ಪ ನನ್ನನ್ನು ನೋಡಿದ. ಎದ್ದು ನಿಂತ. ಬಗಲಲ್ಲಿದ್ದ ಬೂಟನ್ನು ನೆಲಕ್ಕಿಟ್ಟು ಕಾಲು ತೂರಿಸಿದ. ಆಮೇಲೆ ಆ ಕಾಲನ್ನೆತ್ತಿ ಗೌಡನ ಕುರ್ಚಿಯ ಮೇಲೆ, ಅವನ ಎರಡು ಮೊಳಕಾಲುಗಳ ನಡುವೆ ಇಟ್ಟು, ನಿಧಾನಕ್ಕೆ, ಒಂದೊಂದೇ ತೂತು ಬಿಗಿಯುತ್ತ ಲಾಡಿ ಕಟ್ಟಿದ. ನಗುತ್ತಿದ್ದವರು ನಿಲ್ಲಿಸಿದರು. ವೇದಿಕೆಯ ಮೇಲಿನಿಂದ ಎರಡನೇ ಸಲ ಹೆಸರು ಕೂಗಿದರು.

ಬಲಗಾಲಿನ ಲಾಡಿ ಅವನು ಬಿಚ್ಚಿರಲೇ ಇಲ್ಲ. ಆದರೂ ಎಡಗಾಲು ಇಳಿಸಿ ಬಲಗಾಲನ್ನು ಅಲ್ಲೇ ಇಟ್ಟ.