ಒಂದು ತೊಡೆ ಸೇರಿದ ಪ್ಲಾಸ್ಟರ್

ಆಸ್ಪತ್ರೆಯ ನೆಲಮಾಳಿಗೆಯ ಬಿಲ್ಲಿಂಗ್ ಕೋಣೆಯಲ್ಲಿ ಕೂತು ಚಿಕಿತ್ಸೆಗಳಿಗೆಲ್ಲ ಕೋಡು ನಂಬರು ಹಚ್ಚುವ ಹೆಂಗಸನ್ನು ಎಲ್ಲರೂ ಕೋಡಮ್ಮ ಎಂದೇ ಕರೆಯುತ್ತಿದ್ದರು. ಅವಳ ಕಸುಬಿಗೆ ಒಂದೇ ಕಟ್ಟಳೆ: ಡಾಕ್ಟರು ಬರೆದಿದ್ದರೆ ನಡೆದಿದೆ, ಬರೆದಿಲ್ಲವೋ, ನಡೆದೇ ಇಲ್ಲ. ಕಣ್ಣೆದುರೇ ಕಾಲು ಕತ್ತರಿಸಿದ್ದರೂ ಕಾಗದದಲ್ಲಿ ಇಲ್ಲದಿದ್ದರೆ ಕೋಡಮ್ಮನ ಪಾಲಿಗೆ ಆ ಕಾಲು ಗಟ್ಟಿಮುಟ್ಟಾಗಿಯೇ ಇದೆ.

ಆ ಬೆಳಿಗ್ಗೆ ವಿಮೆ ಕಂಪನಿಯವರು ಒಂದು ಫೈಲನ್ನು ತಿರುಗಿ ಕಳಿಸಿದ್ದರು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಟೈಲರನದು. ಮೈಗೆಲ್ಲ ಪ್ಲಾಸ್ಟರ್ ಕಟ್ಟಿದ ಮೂಳೆ ಡಾಕ್ಟರು ಬರೆದದ್ದು ಎರಡೇ ಪದ: "ಪ್ಲಾಸ್ಟರ್ ಹಾಕಿದೆ." ಎಲ್ಲಿಂದ ಎಲ್ಲಿಯವರೆಗೆ ಮಹಾನುಭಾವರೇ? ಭುಜದಿಂದ ಸೊಂಟದವರೆಗಾದರೆ ಒಂದು ಕೋಡು, ತಲೆಯೂ ಸೇರಿದರೆ ಇನ್ನೊಂದು, ಒಂದು ತೊಡೆ ಸೇರಿದರೆ ಮತ್ತೊಂದು, ಎರಡೂ ಸೇರಿದರೆ ಅದರದೇ ಬೇರೆ. ಡಾಕ್ಟರ ಕೈಬರಹ ಬರುವ ತನಕ ವಿಮೆಯ ಒಪ್ಪಿಗೆ ಇಲ್ಲ. ಒಪ್ಪಿಗೆ ಬರುವ ತನಕ ಟೈಲರನನ್ನು ಮನೆಗೆ ಬಿಡುವಂತಿಲ್ಲ.

"ಒಂದೇ ಒಂದು ಸಾಲು, ಡಾಕ್ಟ್ರೇ," ಎಂದು ಕೋಡಮ್ಮ ಹಲ್ಲುಗಿಂಜಿದಳು.

"ನಾನು ಮೂಳೆ ಕೂಡಿಸೋನಮ್ಮಾ, ಕಥೆ ಬರೆಯೋನಲ್ಲ. ನಿನಗೆ ಕಣ್ಣಿಲ್ವಾ? ಹೋಗಿ ನೋಡ್ಕೋ."

ಹೋಗಿ ನೋಡಿದಳು. ಬಲ ತೊಡೆಯೂ ಸೇರಿತ್ತು.

"ನೀವೇ ನೋಡಿದ್ರಲ್ಲಮ್ಮಾ, ಬರೆದುಬಿಡಿ," ಎಂದ ಟೈಲರ್.

"ನಾನು ನೋಡಿದ್ದು ಲೆಕ್ಕಕ್ಕಿಲ್ಲ ಯಜಮಾನ್ರೇ. ಡಾಕ್ಟ್ರು ಬರೀದಿದ್ರೆ ನಡೆದೇ ಇಲ್ಲ."

"ನಾಳೆ ಮಗಳು ಕೂಸನ್ನ ಕರ್ಕೊಂಡು ಬರ್ತಾಳೆ. ಮೊದಲ್ನೇ ಮೊಮ್ಮಗಳು, ನಾನಿನ್ನೂ ಮುಖ ನೋಡಿಲ್ಲ. ಸಂಜೆ ಗಾಡಿಗೆ ವಾಪಸ್ ಹೊರಡ್ತಾರೆ. ಇಲ್ಲಿ ವಾರ್ಡಿಗೆ ಕೂಸುಗಳನ್ನ ಬಿಡಲ್ವಂತೆ."

ಕೋಡಮ್ಮ ಬೇರೆ ಕಡೆ ಮುಖ ತಿರುಗಿಸಿದಾಗ ಪಕ್ಕದ ಹಾಸಿಗೆಯವನ ತೋಳಿನ ಪ್ಲಾಸ್ಟರ್ ಕಣ್ಣಿಗೆ ಬಿತ್ತು. ಅದರ ಮೇಲೆ ತಾರೀಖಿನ ಸಮೇತ ಡಾಕ್ಟರ ಸಹಿ. ಕಾಗದ ಕಂಡರೆ ಮೈಲಿ ದೂರ ಓಡುವ ಈ ಪುಣ್ಯಾತ್ಮರಿಗೆ ಪ್ಲಾಸ್ಟರ್ ಚೆನ್ನಾಗಿ ಕೂತರೆ ಸಾಕು, ಚಿತ್ರಗಾರನ ಹಾಗೆ ಮೂಲೆಯಲ್ಲಿ ಸಹಿ ಹಾಕುವ ಖಯಾಲಿ. ಕೋಡಮ್ಮ ಬಗ್ಗಿ ಟೈಲರನ ಕಿವಿಯಲ್ಲಿ ಏನೋ ಊದಿದಳು.

ಮಧ್ಯಾಹ್ನ ಡಾಕ್ಟರು ವಾರ್ಡಿಗೆ ಬಂದರು.

"ಡಾಕ್ಟ್ರೇ, ನಲವತ್ತು ವರ್ಷ ಕತ್ತರಿ ಹಿಡಿದಿದೀನಿ. ಇಂಥ ಫಿಟ್ಟಿಂಗ್ ನನ್ನ ಕೈಯಲ್ಲೂ ಬಂದಿಲ್ಲ," ಎಂದ ಟೈಲರ್. "ಒಂದೇ ಒಂದು ಕೊರತೆ."

"ಏನು ಕೊರತೆ?" ಹುಬ್ಬು ಮೇಲೇರಿತು.

"ಒಳ್ಳೇ ಕೋಟಾದ್ರೆ ನಾವು ಅಳತೆ, ಹೊಲಿದವರ ಹೆಸರು, ಎರಡೂ ಬರೆದಿಡ್ತೀವಿ. ಇದನ್ನ ಯಾರೋ ಕಲಿಯೋ ಹುಡುಗರು ಕಟ್ಟಿದ್ದು ಅಂದ್ಕೊಂಡ್ರೆ ಜನ?"

ಡಾಕ್ಟರು ಪೆನ್ನು ತೆಗೆದೇಬಿಟ್ಟರು. ಟೈಲರನ ಎದೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದರು: "ಭುಜದಿಂದ ಸೊಂಟದವರೆಗೆ, ಬಲ ತೊಡೆ ಸೇರಿ. ನನ್ನ ಕೈಯಿಂದಲೇ." ಕೆಳಗೆ ತಾರೀಖು, ಸಹಿ, ಒಂದು ಬಾಲ.

ಪರದೆಯ ಹಿಂದಿನಿಂದ ಮೊಬೈಲ್ ಕ್ಲಿಕ್ ಎಂದಿತು.

"ಏನಮ್ಮಾ ಅದು?"

"ನಿಮ್ಮ ಕೈಬರಹ, ಡಾಕ್ಟ್ರೇ. ವಿಮೆಯವರಿಗೂ ತೋರಿಸ್ಲಾ?"

ಡಾಕ್ಟರು ಎದೆಯತ್ತ ನೋಡಿದರು, ಕೋಡಮ್ಮನತ್ತ ನೋಡಿದರು. "ಕಳ್ಳಿ! ಕಳಿಸು, ಕಳಿಸು," ಎಂದು ನಕ್ಕರು.

ಸಂಜೆಯೊಳಗೆ ಒಪ್ಪಿಗೆ ಬಂತು. ಕೊನೆಗೊಂದು ಸಾಲು: "ಮೂಲ ದಾಖಲೆಯನ್ನು ಏಳು ವರ್ಷ ಕಾಪಾಡತಕ್ಕದ್ದು." ಆ ಮೂಲ ದಾಖಲೆ ಮರುದಿನ ಬೆಳಿಗ್ಗೆ ಆಂಬುಲೆನ್ಸಿನಲ್ಲಿ ಅಂಗಾತ ಮಲಗಿ ಮನೆಗೆ ಹೋಯಿತು.

ಎರಡು ತಿಂಗಳ ನಂತರ ಟೈಲರ್ ಕೋಲೂರಿಕೊಂಡು ನೆಲಮಾಳಿಗೆಗೆ ಇಳಿದು ಬಂದ. ಬಿಚ್ಚಿದ ಪ್ಲಾಸ್ಟರಿನ ಎದೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದ. "ತಗೊಳ್ಳಿ, ಫೈಲಿಗೆ ಹಾಕಿ."

ಅದು ಯಾವ ಡ್ರಾಯರಿನಲ್ಲೂ ಹಿಡಿಸಲಿಲ್ಲ. ಬೀರುವಿನ ಮೇಲಿಡಲು ಎತ್ತಿದಾಗ ಕೋಡಮ್ಮನ ಕೈ ಅಲ್ಲೇ ನಿಂತಿತು. ಡಾಕ್ಟರ ಸಹಿಯ ಕೆಳಗೆ ನೇರಳೆ ಶಾಯಿಯಲ್ಲಿ ಹೆಬ್ಬೆರಳುದ್ದದ ಒಂದು ಪಾದದ ಅಚ್ಚು.

"ಅಂಗಡಿಯ ಸ್ಟಾಂಪ್ ಪ್ಯಾಡಿನ ಶಾಯಿ," ಎಂದ ಟೈಲರ್. "ನೀವೇ ಹೇಳಿದ್ರಲ್ಲ, ಬರೀದಿದ್ರೆ ನಡೆದೇ ಇಲ್ಲ ಅಂತ."

ಅವನು ಹೋದ ಮೇಲೆ ಕೋಡಮ್ಮ ಆ ಪಾದಕ್ಕೊಂದು ಕೋಡು ಹುಡುಕಿದಳು. ಪುಸ್ತಕದಲ್ಲಿ ಇರಲಿಲ್ಲ. ಆಮೇಲೆ ಒಂದು ಚೀಟಿ ಹರಿದು, ತಾನು ಕಣ್ಣಾರೆ ಕಾಣದ ಸಂಗತಿಯೊಂದನ್ನು, ಯಾವ ಡಾಕ್ಟರನ್ನೂ ಕೇಳದೆ, ಸ್ವಂತ ಕೈಯಲ್ಲಿ ಬರೆದು ಅಂಟಿಸಿದಳು: "ಮೊಮ್ಮಗಳು ಬಂದಿದ್ದಳು."