ವಿಮರ್ಶಕರು ಧಾರಾವಾಹಿ ನೋಡಿದ್ದು

ಅವರು ಸಿನಿಮಾ ವಿಮರ್ಶಕರು. ಜನಕ್ಕೆ ಅರ್ಥವಾಗುವ ಚಿತ್ರವನ್ನು ಮೆಚ್ಚಿದ್ದೇ ಕಡಿಮೆ. ಮುದುಕನೊಬ್ಬ ಉದ್ದಕ್ಕೂ ಗೋಡೆ ನೋಡುತ್ತ ಕೂರುವ ಚಿತ್ರವೊಂದನ್ನು ‘ಕಾಲವನ್ನೇ ಕೆತ್ತಿದ ಮೌನಶಿಲ್ಪ’ ಎಂದು ಹೊಗಳಿ ಬರೆದಿದ್ದರು. ಅದರ ಅರ್ಧದಷ್ಟು ಹೊತ್ತು ಅವರು ಗೊರಕೆ ಹೊಡೆದದ್ದು ಪಕ್ಕದಲ್ಲಿದ್ದ ಹೆಂಡತಿಗೆ ಮಾತ್ರ ಗೊತ್ತು. ಟಿ.ವಿ. ಎಂದರೆ ಮೂಗು ಮುರಿಯುತ್ತಿದ್ದರು. ‘ಸಿನಿಮಾ ಎಂದರೆ ದರ್ಶನ, ಧಾರಾವಾಹಿ ಬರೀ ಗದ್ದಲ’ ಎಂಬ ಅವರ ಮಾತಿಗೆ ಗೋಷ್ಠಿಗಳಲ್ಲಿ ಚಪ್ಪಾಳೆ ಬೀಳುತ್ತಿತ್ತು.

ಮಾವ ತೀರಿಕೊಂಡ ಮೇಲೆ ಅತ್ತೆ ಇವರ ಮನೆಗೇ ಬಂದಿದ್ದರು. ಸಂಜೆಯಾದರೆ ಅವರಿಗೊಂದು ಧಾರಾವಾಹಿ. ಹೀಗಿರುವಾಗ ವಿಮರ್ಶಕರು ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡರು. ಕಾಲು ಚಾಚಿ ಕೂರಲು ಟಿ.ವಿ. ಎದುರಿನ ಸೋಫಾ ಬಿಟ್ಟರೆ ಬೇರೆ ಜಾಗವಿರಲಿಲ್ಲ. ಮೊದಮೊದಲು ದಪ್ಪ ಪುಸ್ತಕವೊಂದನ್ನು ಮುಖಕ್ಕೆ ಅಡ್ಡ ಹಿಡಿದರು. ಬರಬರುತ್ತ ಪುಸ್ತಕ ಮಡಿಲಿಗಿಳಿಯಿತು.

“ಅಲ್ಲಾ ಅತ್ತೆ, ಈ ಅಕ್ಕ ಯಾಕೆ ತಂಗಿ ಹತ್ರ ಮಾತೇ ಆಡಲ್ಲ?”

“ಅಮ್ಮ ಸಾಯುವಾಗ ತಂಗಿ ಬರ್ಲಿಲ್ಲ ಅಂತ ಸಿಟ್ಟು. ಪಾಪ, ಅವಳಿಗೆ ಸುದ್ದೀನೇ ಮುಟ್ಟಿರ್ಲಿಲ್ಲ ಅಳಿಯಂದಿರೇ. ಅದು ಇವಳಿಗೆ ಗೊತ್ತಿಲ್ಲ.”

ಅತ್ತೆಯ ಮುಖ ಅರಳಿತ್ತು. ಕೂತು ಕಥೆ ಮಾತಾಡಲು ಮಾವನ ನಂತರ ಅವರಿಗೆ ಯಾರೂ ಸಿಕ್ಕಿರಲಿಲ್ಲ.

ತಂಗಿ ಅಕ್ಕನ ಬಾಗಿಲಿಗೆ ಬಂದು ನಿಂತ ಸಂಜೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ವಿಮರ್ಶಕರೂ ಪುಸ್ತಕದ ಮರೆಯಲ್ಲಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಕಿಟಕಿಯಲ್ಲಿ ನೋಡಿದರೆ, ಕಾಲು ವಿಚಾರಿಸಲು ಬಂದ, ತಾವು ಬರೆಯುವ ಪತ್ರಿಕೆಯ ಸಂಪಾದಕ ಮತ್ತು ಗೋಷ್ಠಿಯ ಗೆಳೆಯರು. ವಿಮರ್ಶಕರು ದಡಬಡಿಸಿ ಟಿ.ವಿ. ಆರಿಸಿದರು.

“ಏನ್ ಸಾರ್, ನಿಮ್ಮನೇಲೂ ಧಾರಾವಾಹಿ ಸದ್ದು!” ಸಂಪಾದಕ ಒಳಗೆ ಬರುತ್ತಲೇ ಕಣ್ಣು ಮಿಟುಕಿಸಿದ.

“ನಮ್ಮತ್ತೇದು,” ಎಂದರು ವಿಮರ್ಶಕರು. “ಬುದ್ಧಿ ಬೆಳೀದಿದ್ದೋರಿಗೆ ಆಟಿಕೆ ಬೇಕಲ್ಲ!”

ಎಲ್ಲರೂ ಹೋ ಎಂದು ನಕ್ಕರು. ಅತ್ತೆ ಇನ್ನೂ ಅಲ್ಲೇ ಕೂತಿದ್ದರು. “ಕಾಫಿ ತರ್ತೀನಿ” ಎಂದು ಎದ್ದು ಹೋದರು. ಕಾಫಿ ತಂದದ್ದು ಹೆಂಡತಿ. ಲೋಟಗಳನ್ನು ಕುಕ್ಕಿಟ್ಟು, ಗಂಡನ ಮುಖ ನೋಡದೆ ಒಳಗೆ ಹೋದಳು.

ಮರುದಿನದಿಂದ ಅತ್ತೆ ಟಿ.ವಿ. ಹಾಕಲಿಲ್ಲ. ಇವರೇ ಹಾಕಿ ಕರೆದರೆ, “ಬೇಡಿ, ನಿಮಗೆ ಓದೋದಿರುತ್ತೆ” ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಿಮರ್ಶಕರಿಗೆ ಉಸಿರಾಡಲು ಸುಲಭವಾಗುತ್ತಿತ್ತು.

ಎದುರಿಗೆ ಹೇಳಲು ಬಾಯಿ ಬರದೆ, ತಿಳಿದದ್ದೊಂದೇ ದಾರಿ ಹಿಡಿದರು. ಬರೆದರು. ತಾನು ಧಾರಾವಾಹಿ ನೋಡಿ ಅತ್ತಿದ್ದನ್ನೂ ಹೊಗಳಿದ ಚಿತ್ರದಲ್ಲಿ ನಿದ್ದೆ ಮಾಡಿದ್ದನ್ನೂ ಮುಚ್ಚುಮರೆಯಿಲ್ಲದೆ ಬರೆದು, ಕಥೆಯನ್ನು ಅತ್ತೆಯಷ್ಟು ಪ್ರೀತಿಯಿಂದ ತಾನು ಎಂದೂ ನೋಡಿಲ್ಲ ಎಂದು ಮುಗಿಸಿದರು.

ಭಾನುವಾರ ಅದು ಅಚ್ಚಾಯಿತು, ಹಾಸ್ಯದ ಪುಟದಲ್ಲಿ. ಪಕ್ಕದಲ್ಲಿ ಟಿ.ವಿ. ತಬ್ಬಿಕೊಂಡು ಅಳುವ ಮುದುಕಿಯ ವ್ಯಂಗ್ಯಚಿತ್ರ. “ಎಂಥಾ ಚಾಟಿ ಏಟು ಸಾರ್!” ಎಂದು ಸಂಪಾದಕ ಫೋನಿನಲ್ಲಿ ನಕ್ಕ. ಅದು ನಿಜ ಕಣಯ್ಯಾ ಎನ್ನಬೇಕಿತ್ತು. ವಿಮರ್ಶಕರು ತಾವೂ ನಕ್ಕರು.

ಫೋನಿಟ್ಟು ತಿರುಗಿದರೆ ಅತ್ತೆ ಪತ್ರಿಕೆ ಹಿಡಿದು ನಿಂತಿದ್ದರು. “ಚೆನ್ನಾಗಿ ಬರೆದಿದ್ದೀರಿ,” ಎಂದು ಅದನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟರು.

ಅಂದು ಸಂಜೆ ಅವರು ಎದುರುಮನೆಯ ದರ್ಜಿಯಮ್ಮನಲ್ಲಿಗೆ ಹೋದರು. ವಿಮರ್ಶಕರು ಕುಂಟುತ್ತ ರಸ್ತೆ ದಾಟಿದರು. ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಪಕ್ಕ ಕೂತು ನಾಲ್ಕಾರು ಹೆಂಗಸರು ಟಿ.ವಿ. ನೋಡುತ್ತಿದ್ದರು.

“ಅತ್ತೆ, ನಾನು ಬರೆದಿದ್ದು ತಮಾಷೆಗಲ್ಲ. ಅವತ್ತು ಅವರ ಮುಂದೆ ಅಂದಿದ್ದೇ ಸುಳ್ಳು. ನನ್ನದು ತಪ್ಪಾಯ್ತು.”

ಹೆಂಗಸರೆಲ್ಲ ತಿರುಗಿ ನೋಡಿದರು. ವಿಮರ್ಶಕರ ಕಿವಿ ಕೆಂಪಾಯಿತು. ಅತ್ತೆ ತೆರೆಯಿಂದ ಕಣ್ಣು ಕೀಳಲಿಲ್ಲ.

“ಇದನ್ನ ಫೋನಲ್ಲಿ ಅವರಿಗೆ ಹೇಳಬಹುದಿತ್ತು,” ಎಂದರು.

ದರ್ಜಿಯಮ್ಮ ಹೊಲಿಯಲು ಬಂದಿದ್ದ ಬಟ್ಟೆಗಳನ್ನು ಸರಿಸಿ ಬಾಗಿಲ ಬಳಿ ಜಾಗ ಮಾಡಿಕೊಟ್ಟಳು. ವಿಮರ್ಶಕರು ಉಳುಕಿದ ಕಾಲನ್ನು ಮಡಿಸಿ, ನೋವು ನುಂಗಿಕೊಂಡು ನೆಲದ ಮೇಲೆ ಕೂತರು.